ಮುಪ್ಪಿನ ಆರೈಕೆಗೆ ಸರಕಾರವೂ ಹೆಗಲು ಕೊಡಲಿ
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಹೆಚ್ಚು ಓದಿದವನಲ್ಲ. ಮುಂಬಯಿಗೆ ಬಂದು, ಹಗಲು ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವನು. ಆದುದರಿಂದ ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ನೇರವಾಗಿ ಹೇಳುತ್ತೇನೆ. ತಪ್ಪಿದ್ದರೆ ತಿದ್ದಿರಿ.

ಆರು ವರ್ಷದ ಹಿಂದೆ ಕುಂದಾಪುರದ ಕಡೆಯ ನಮ್ಮೂರಿನಿಂದ ಫೋನು ಬಂತು. ತಾಯಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಗ ನಾನು ಹೋಟೆಲಿನಲ್ಲಿ ಸಪ್ಲೈಯರ್. ಮಾಲಿಕರು ಕೊಟ್ಟದ್ದು ನಾಲ್ಕು ದಿನದ ರಜೆ. ಊರಿಗೆ ಹೋಗಿ ಮುಖ ತೋರಿಸಿ ಬಂದೆ. ಅಕ್ಕ ಗೇರುಬೀಜದ ಕಾರ್ಖಾನೆಯ ಕೆಲಸ ಬಿಟ್ಟು ತಾಯಿಯ ಬಳಿ ನಿಂತಳು. ಎತ್ತಿ ಕೂರಿಸುವುದು, ಮೈ ಒರೆಸುವುದು, ಬೆನ್ನು ಹುಣ್ಣಾಗದಂತೆ ರಾತ್ರಿಯಲ್ಲಿ ಎದ್ದು ಮಗ್ಗುಲು ಬದಲಿಸುವುದು. ಹೀಗೆ ಎರಡು ವರ್ಷ! ನಾನು ತಿಂಗಳು ತಪ್ಪದೆ ಹಣ ಕಳುಹಿಸಿದೆ. ಊರವರು ನನ್ನನ್ನು ಒಳ್ಳೆಯ ಮಗನೆಂದರು. ಅಕ್ಕನ ಮಾತನ್ನು ಯಾರೂ ಎತ್ತಲಿಲ್ಲ. ತಾಯಿ ತೀರಿದ ಮೇಲೆ ಅವಳು ಕಾರ್ಖಾನೆಗೆ ಹೋದರೆ ಅವಳ ಜಾಗದಲ್ಲಿ ಬೇರೊಬ್ಬಳು ಕುಳಿತಿದ್ದಳು.

ಬಂಧುಗಳೆ, ಇದು ನನ್ನೊಬ್ಬನ ಕತೆಯೆ? ನಿಮ್ಮಲ್ಲಿ ಎಷ್ಟು ಜನರ ತಂದೆತಾಯಿ ಊರಲ್ಲಿದ್ದಾರೆ! 1982ರ ಗಿರಣಿ ಮುಷ್ಕರ ಕಂಡ ಹಿರಿಯರು ಇಂದು ಚಾಳಿನ ಮೆಟ್ಟಿಲು ಇಳಿಯಲಾರದೆ ಇದ್ದಾರೆ. ತಂದೆತಾಯಿಯ ಪೋಷಣೆ ಮಕ್ಕಳ ಹೊಣೆಯೆಂದು 2007ರ ಕಾಯಿದೆ ಹೇಳುತ್ತದೆ. ಸರಿಯೆ. ಆದರೆ ಹನ್ನೆರಡು ತಾಸು ದುಡಿಯುವ ಮಗ ಇಲ್ಲಿಂದ ಹೇಗೆ ಮೈ ತೊಳೆಯಬೇಕು? ಕಡುಬಡವರ ಮುಪ್ಪಿನ ಪಿಂಚಣಿಗೆ ಕೇಂದ್ರ ಸರಕಾರದ ಪಾಲು ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. ಅದರ ಮೇಲೆ ರಾಜ್ಯಗಳು ಕೂಡಿಸಿದರೂ ಔಷಧಕ್ಕೇ ಸಾಲದು, ದಾದಿಗೆ ಎಲ್ಲಿಂದ ತರುವುದು?

ಬೇರೆಯವರು ಏನು ಮಾಡಿದ್ದಾರೆ, ನೋಡೋಣ. ಜರ್ಮನಿಯಲ್ಲಿ 1995ರಿಂದ ಇದಕ್ಕೆಂದೇ ಕಾಯಿದೆಯ ವಿಮೆಯಿದೆ. ಕೆಲಸಗಾರನೂ ಮಾಲಿಕನೂ ವಂತಿಗೆ ಕಟ್ಟುತ್ತಾರೆ. ಪರೀಕ್ಷಕರು ಮನೆಗೆ ಬಂದು, ಎಷ್ಟು ಸಹಾಯ ಬೇಕೆಂದು ನೋಡಿ ದರ್ಜೆ ಗೊತ್ತುಮಾಡುತ್ತಾರೆ. ದಾದಿ ಬರಬೇಕೋ, ಮನೆಯವರೇ ನೋಡಿಕೊಂಡು ಹಣ ಪಡೆಯಬೇಕೋ ಎಂಬುದು ಕುಟುಂಬದ ಇಷ್ಟ. ಕೆಲಸ ಬಿಟ್ಟು ನೋಡಿಕೊಳ್ಳುವ ಮಗಳ ಪಿಂಚಣಿಯ ವಂತಿಗೆಯನ್ನೂ, ನಿಯಮದ ಮೇರೆಗೆ, ವಿಮೆಯೇ ಕಟ್ಟುತ್ತದೆ.

ಜಪಾನಿನಲ್ಲಿ ಇಂಥ ಏರ್ಪಾಡು 2000ದ ಏಪ್ರಿಲಿನಲ್ಲಿ ಬಂತು. ನಿಧಿಯ ಅರ್ಧ ತೆರಿಗೆಯ ಹಣ, ಅರ್ಧ 40 ದಾಟಿದವರ ವಂತಿಗೆ. ಹೆಚ್ಚಿನವರು ಖರ್ಚಿನಲ್ಲಿ ಹತ್ತರಲ್ಲೊಂದು ಪಾಲು ಕೊಟ್ಟರೆ ಸಾಕು. ಸಹಾಯಕಿ ಮನೆಗೇ ಬಂದು ಸ್ನಾನ ಮಾಡಿಸುತ್ತಾಳೆ. ಮನೆಯವರ ಕೈಗೆ ಹಣ ಕೊಟ್ಟರೆ ಸೊಸೆಯನ್ನು ಮತ್ತೆ ಮಂಚಕ್ಕೇ ಕಟ್ಟಿಹಾಕಿದಂತಾಗುತ್ತದೆಂದು ಅಲ್ಲಿಯ ಮಹಿಳಾ ಸಂಘಟನೆಗಳು ವಾದಿಸಿದವು. ನನಗೂ ಅದೇ ಸರಿಯೆನಿಸುತ್ತದೆ. ದಿನಕ್ಕೆ ಎರಡು ತಾಸು ಯಾರಾದರೂ ಬಂದಿದ್ದರೆ ಅಕ್ಕನಿಗೆ ಅರ್ಧ ದಿನದ ಕೆಲಸವಾದರೂ ಉಳಿಯುತ್ತಿತ್ತು.

ಅವು ಸಿರಿವಂತ ದೇಶಗಳು ಎನ್ನುವಿರಿ. ಹಾಗಾದರೆ ನಮ್ಮ ನೆರೆಯ ಕೇರಳವನ್ನು ನೋಡಿ. 2008ರಲ್ಲಿ ಅಲ್ಲಿಯ ಸರಕಾರ ನೋವು ಶಮನದ ಆರೈಕೆಗೆ ನೀತಿ ಮಾಡಿತು. ಪಂಚಾಯತಿಯ ಹಣದಿಂದ ದಾದಿಯರು, ಊರ ಸ್ವಯಂಸೇವಕರೊಡನೆ, ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ನಮ್ಮಲ್ಲಿಯೂ 2010ರಲ್ಲಿ ಆರಂಭವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇಂಥ ಮನೆಭೇಟಿಯ ಮಾತಿದೆ. ಕಾಗದದಲ್ಲಿದ್ದದ್ದು ಮನೆ ಬಾಗಿಲಿಗೆ ಬರಬೇಕು.

ಆದ್ದರಿಂದ ಸಂಘದ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಹಾಸಿಗೆ ಹಿಡಿದ ಹಿರಿಯರ ಮನೆಗೆ ಸರಕಾರದ ಖರ್ಚಿನಲ್ಲಿ ಸಹಾಯಕಿ ಬರಲಿ. ಆ ಸಹಾಯಕಿಗೆ ಗೌರವಧನವಲ್ಲ, ಸರಿಯಾದ ಸಂಬಳ ಸಿಗಲಿ. ಆರೈಕೆಗಾಗಿ ಕೆಲಸ ಬಿಟ್ಟ ಹೆಂಗಸಿನ ಭವಿಷ್ಯನಿಧಿಗೆ ಸರಕಾರವೇ ವಂತಿಗೆ ಕಟ್ಟಲಿ. ಇದು ದಾನವಲ್ಲ, ದುಡಿದವರ ಹಕ್ಕು. ಸದ್ಯಕ್ಕೆ ಹಿರಿಯರ ಸಹಾಯವಾಣಿ 14567 ಇದೆ. ಬರೆದುಕೊಂಡು ಊರಿಗೂ ತಿಳಿಸಿರಿ.

ಕೊನೆಗೊಂದು ಮಾತು. ಇಂದು ರಾತ್ರಿ ಊರಿಗೆ ಫೋನು ಮಾಡಿದಾಗ ತಾಯಿಯ ಯೋಗಕ್ಷೇಮದ ಜೊತೆಗೆ, ನೋಡಿಕೊಳ್ಳುವ ಅಕ್ಕನನ್ನೋ ಅತ್ತಿಗೆಯನ್ನೋ ‘ನಿಮಗೆ ನಿದ್ದೆ ಆಯಿತೇ?’ ಎಂದು ಕೇಳಿರಿ. ನಾನು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.