ದೇಹಭಾರವೂ ಕಠಿನ ಲಂಘನವೂ

(ಶ್ರೀಮಠದ ಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಇಂತಹ ಸಭೆಗಳಲ್ಲಿ ಶಾಸ್ತ್ರ, ಸಾಹಿತ್ಯ, ಧರ್ಮಗಳ ವಿಚಾರ ನಡೆಯುವುದು ರೂಢಿ. ಮೈಯ ಬೊಜ್ಜಿನ ಮಾತು ಇಲ್ಲಿ ಏತಕ್ಕೆಂದು ಕೆಲವರಿಗೆ ತೋರಬಹುದು. ಆದರೆ ಇತ್ತೀಚಿನ ದಿನಗಳಲ್ಲಿ ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಹಲವರು, ಅದರಲ್ಲಿಯೂ ನಲವತ್ತನ್ನು ದಾಟಿದ ಗೃಹಸ್ಥರು, ನಮಸ್ಕರಿಸಿ ಕುಳಿತ ಮೇಲೆ ಮೆಲ್ಲನೆ ಕೇಳುವ ಪ್ರಶ್ನೆ ಒಂದೇ ಬಗೆಯದಾಗಿದೆ. “ಒಂದು ತಿಂಗಳು ಅನ್ನ ರೊಟ್ಟಿಗಳನ್ನು ಮುಟ್ಟದೆ ಬರಿಯ ಹಣ್ಣಿನ ರಸದ ಮೇಲೆ ಇದ್ದರೆ ಮೈ ಕರಗುತ್ತದಂತೆ, ಹಾಗೆ ಮಾಡಲೋ, ಬೇಡವೋ?” ನಾನು ವೈದ್ಯನಲ್ಲ. ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳ ಜೊತೆಗೆ ಚರಕಸಂಹಿತೆಯ ಸೂತ್ರಸ್ಥಾನವನ್ನು ಗುರುಮುಖದಿಂದ ಓದಿದವನು ಮಾತ್ರ. ಆದರೂ ಇದು ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಯಾದುದರಿಂದ, ಹಳೆಯ ಶಾಸ್ತ್ರವನ್ನೂ ಹೊಸ ಶೋಧನೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ವಿಚಾರಮಾಡುವುದು ಯುಕ್ತವೆಂದು ಭಾವಿಸಿದ್ದೇನೆ.

ಮೊದಲನೆಯದಾಗಿ, ಭಾರವನ್ನು ಇಳಿಸಬೇಕೆಂಬ ಇಚ್ಛೆಯು ಹಾಸ್ಯಕ್ಕೆ ಈಡುಮಾಡತಕ್ಕದ್ದಲ್ಲ. ಮಧುಮೇಹ, ರಕ್ತದ ಒತ್ತಡ, ಹೃದಯದ ಬೇನೆ, ಮೊಣಕಾಲಿನ ನೋವು ಇವುಗಳಿಗೆ ಅತಿಯಾದ ಮೇದಸ್ಸು ದಾರಿಮಾಡಿಕೊಡುವುದೆಂಬುದು ನಿರ್ವಿವಾದವಾದುದು. ಕಿಲೋಗಳಲ್ಲಿ ತೂಗಿದ ಭಾರವನ್ನು, ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ವೈದ್ಯರು ಪ್ರಮಾಣವಾಗಿ ಇಟ್ಟುಕೊಂಡಿದ್ದಾರೆ. ನಮ್ಮ ದೇಶದವರ ಮೈಯಲ್ಲಿ ಅಲ್ಪ ಭಾರಕ್ಕೇ ಹೊಟ್ಟೆಯ ಸುತ್ತ ಮೇದಸ್ಸು ಕೂಡುವುದರಿಂದ, 2009ರಲ್ಲಿ ಭಾರತೀಯ ತಜ್ಞರು ಈ ಸಂಖ್ಯೆ 23ನ್ನು ಮುಟ್ಟಿದರೆ ಭಾರ ಹೆಚ್ಚಿತೆಂತಲೂ, 25ನ್ನು ಮುಟ್ಟಿದರೆ ಸ್ಥೌಲ್ಯವೆಂತಲೂ ನಿರ್ಣಯಿಸಿದರು. 1.65 ಮೀಟರ್ ಎತ್ತರದವನಿಗೆ ಈ ಕೊನೆಯ ಮೇರೆಯು ಸುಮಾರು 68 ಕಿಲೋ ಆಗುತ್ತದೆ. ನಡುವಿನ ಸುತ್ತಳತೆಯು ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರನ್ನು ಮೀರಬಾರದು. ಆದುದರಿಂದ ಕನ್ನಡಿಯ ಮಾತಿಗಿಂತಲೂ ನೆರೆಹೊರೆಯವರ ಮಾತಿಗಿಂತಲೂ ಮೊದಲು ಅಳತೆಯ ನೂಲಿನ ಮಾತನ್ನು ಕೇಳುವುದು ಲೇಸು. ಮದುವೆಯ ದಿನಕ್ಕೆ ಅಂದವಾಗಿ ಕಾಣಬೇಕೆಂದು ಸರಿಯಾದ ಮೈಯವರೇ ಉಪವಾಸಕ್ಕೆ ತೊಡಗುವುದನ್ನು ನಾವು ಕಾಣುತ್ತಿದ್ದೇವೆ. ಅವರಿಗೆ ನಮ್ಮ ಉತ್ತರವು ‘ಬೇಡ’ ಎಂಬ ಒಂದೇ ಶಬ್ದ.

ಇನ್ನು ನಿಜವಾಗಿಯೂ ಸ್ಥೂಲರಾದವರ ವಿಚಾರ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯಕ್ಕೆ ಅಷ್ಟೌನಿಂದಿತೀಯವೆಂದು ಹೆಸರು. ಅಲ್ಲಿ ಅತಿಸ್ಥೂಲನನ್ನೂ ಅತಿಕೃಶನನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ, ಇಬ್ಬರೂ ಸದಾ ರೋಗಪೀಡಿತರೆಂದು ಹೇಳಲಾಗಿದೆ. ಅತಿಸ್ಥೂಲನ ಹಸಿವಿನ ಕಾರಣವನ್ನು ಆಚಾರ್ಯರು ವಿವರಿಸಿರುವ ಬಗೆಯು ಬಹಳ ಸೂಕ್ಷ್ಮವಾದುದು. ಮೇದಸ್ಸು ಮಾರ್ಗಗಳನ್ನು ಮುಚ್ಚುವುದರಿಂದ ವಾಯುವು ಕೋಷ್ಠದಲ್ಲಿಯೇ ಸಂಚರಿಸಿ ಜಠರಾಗ್ನಿಯನ್ನು ಉರಿಸುತ್ತದೆ. ಉಂಡದ್ದು ಬೇಗ ಜೀರ್ಣವಾಗಿ ಮತ್ತೆ ಆಹಾರದ ಬಯಕೆ ಹುಟ್ಟುತ್ತದೆ. ಊಟದ ಹೊತ್ತು ತಪ್ಪಿದರೆ ಇಂಥವನಿಗೆ ಘೋರವಾದ ವಿಕಾರಗಳು ಉಂಟಾಗುತ್ತವೆ. ನೋಡಿರಿ, ಸ್ಥೂಲನ ಹಸಿವನ್ನು ಬರಿಯ ಹೊಟ್ಟೆಬಾಕತನವೆಂದು ಜರೆಯದೆ, ದೇಹದೊಳಗಿನ ಒಂದು ವ್ಯಾಪಾರವೆಂದು ಅವರು ತಿಳಿದರು. ಅದಕ್ಕಾಗಿಯೇ ಅವರು ವಿಧಿಸಿದುದು ಗುರುವಾದ, ಆದರೆ ಅಪತರ್ಪಣವಾದ ಆಹಾರವನ್ನು. ಎಂದರೆ ಹೊಟ್ಟೆಗೆ ಭಾರವಾಗಿ ಹಸಿವನ್ನು ತಡೆಯುವ, ಮೈಗೆ ಮಾತ್ರ ಕೊಬ್ಬನ್ನು ಏರಿಸದ ಆಹಾರವನ್ನು. ಜವೆ, ನವಣೆ, ಸಾಮೆ, ಹಾರಕ, ಹೆಸರು, ಹುರುಳಿ, ತೊಗರಿ, ನೆಲ್ಲಿ ಇವು ಅಲ್ಲಿ ಬರುವ ಹೆಸರುಗಳು. ಇವುಗಳಲ್ಲಿ ಬಹುಪಾಲು ನಮ್ಮ ಹೊಲಗಳಲ್ಲಿ ಬೆಳೆಯುವ ಕಾಳುಕಡಿಗಳೇ ಹೊರತು ದೂರದೇಶದ ಡಬ್ಬಿಗಳಲ್ಲಿ ಬರುವ ಪುಡಿಗಳಲ್ಲ.

ಹಾಗಾದರೆ ಶಾಸ್ತ್ರವು ಉಪವಾಸವನ್ನು ಒಪ್ಪುವುದಿಲ್ಲವೆ? ಒಪ್ಪುತ್ತದೆ. 22ನೆಯ ಅಧ್ಯಾಯದಲ್ಲಿ ಲಂಘನದ ಹತ್ತು ಬಗೆಗಳನ್ನು ಎಣಿಸಿ, ಉಪವಾಸವನ್ನು ಅವುಗಳಲ್ಲಿ ಒಂದಾಗಿ ಇಟ್ಟಿದ್ದಾರೆ. ಆದರೆ ಅಲ್ಲಿಯೇ ಸಮ್ಯಗ್ಲಂಘನದ ಲಕ್ಷಣಗಳನ್ನೂ ಅತಿಲಂಘನದ ಲಕ್ಷಣಗಳನ್ನೂ ಬೇರೆ ಬೇರೆಯಾಗಿ ಹೇಳಿದ್ದಾರೆ. ಮೈ ಹಗುರವಾಗುವುದು, ಜಡತ್ವ ಹೋಗುವುದು, ಹಸಿವು ಬಾಯಾರಿಕೆಗಳು ಸರಿಯಾಗಿ ತೋರುವುದು, ಮನಸ್ಸು ತಿಳಿಯಾಗುವುದು ಮೊದಲನೆಯದರ ಗುರುತು. ಕೀಲುಗಳ ನೋವು, ಬಾಯಿ ಒಣಗುವುದು, ಹಸಿವೇ ಅಡಗುವುದು, ಕಣ್ಣು ಕಿವಿಗಳ ಶಕ್ತಿ ಕುಂದುವುದು, ಚಿತ್ತಭ್ರಮೆ, ಬಲಹಾನಿ ಇವು ಎರಡನೆಯದರ ಗುರುತು. ಇವು ಕಂಡೊಡನೆ ನಿಲ್ಲಿಸಬೇಕೆಂಬುದೇ ಈ ವಿಭಾಗದ ತಾತ್ಪರ್ಯ.

ಇಲ್ಲಿಯೇ, ಶರಣ ಬಂಧುಗಳೇ, ನಮ್ಮ ಜನರು ಎಡವುವ ಸ್ಥಳವಿದೆ. ವ್ರತ ಬೇರೆ, ಚಿಕಿತ್ಸೆ ಬೇರೆ. ವ್ರತದಲ್ಲಿ ಸಂಕಲ್ಪವೇ ಪ್ರಧಾನ. ಕಷ್ಟವಾದರೂ ಬಿಡದಿರುವುದು ಅಲ್ಲಿ ಹೆಚ್ಚಳ. ಚಿಕಿತ್ಸೆಯಲ್ಲಿ ಲಕ್ಷಣವೇ ಪ್ರಧಾನ. ನಿಲ್ಲಿಸತಕ್ಕ ಹೊತ್ತಿನಲ್ಲಿ ನಿಲ್ಲಿಸುವುದೇ ಅಲ್ಲಿ ಜಾಣತನ. ಭಾರವಿಳಿಸಲು ಹೊರಟವರು ವ್ರತದ ಛಲವನ್ನು ಚಿಕಿತ್ಸೆಯೊಳಕ್ಕೆ ತರುತ್ತಾರೆ. ಕಣ್ಣು ಕತ್ತಲಿಟ್ಟರೂ, ಎದೆ ಡವಡವನೆ ಹೊಡೆದುಕೊಂಡರೂ, “ಇನ್ನು ಹತ್ತು ದಿನ ಮಾತ್ರ” ಎಂದು ಹಲ್ಲು ಕಚ್ಚಿಕೊಂಡಿರುತ್ತಾರೆ. ಹಿಡಿದ ಹಟವೇ ಅವರಿಗೆ ಮುಳುವಾಗುತ್ತದೆ.

ಇದು ಬರಿಯ ಅಂಜಿಕೆಯ ಮಾತಲ್ಲ. 1976 ಮತ್ತು 1977ರಲ್ಲಿ ಅಮೆರಿಕೆಯಲ್ಲಿ ಪ್ರೋಟೀನಿನ ದ್ರವವೊಂದನ್ನು ಮಾತ್ರ ಕುಡಿದು ಮೈಯಿಳಿಸುವ ಪದ್ಧತಿಯು ಬಹಳವಾಗಿ ಹಬ್ಬಿತು. ಪಶುಗಳ ಚರ್ಮ ಸ್ನಾಯುಗಳಿಂದ ತೆಗೆದ ಆ ದ್ರವದಲ್ಲಿ ದೇಹಕ್ಕೆ ಬೇಕಾದ ಸತ್ತ್ವಗಳೂ ಲವಣಗಳೂ ಸಾಕಷ್ಟಿರಲಿಲ್ಲ. ಭಾರವೇನೋ ಬೇಗನೆ ಇಳಿಯಿತು. ಆದರೆ ಐವತ್ತಕ್ಕೂ ಹೆಚ್ಚು ಜನರು ಸತ್ತ ವರದಿಗಳು ಅಲ್ಲಿನ ಸರಕಾರಕ್ಕೆ ಬಂದವು. ಹೃದಯದ ಬಡಿತದ ಲಯ ಕೆಟ್ಟು ಹಠಾತ್ತಾಗಿ ಸತ್ತವರು ಅವರಲ್ಲಿದ್ದರು. ಇದಲ್ಲದೆ, ಅತಿ ಶೀಘ್ರವಾಗಿ ಕೃಶರಾಗುವವರಿಗೆ ಪಿತ್ತಕೋಶದಲ್ಲಿ ಕಲ್ಲುಗಳಾಗುವುದೂ, ಕೊಬ್ಬಿನ ಜೊತೆಗೆ ಮಾಂಸಖಂಡಗಳೂ ಕರಗುವುದೂ ವೈದ್ಯರಿಗೆ ತಿಳಿದ ಸಂಗತಿ. ದೀರ್ಘ ಉಪವಾಸವನ್ನು ಮುಗಿಸಿದ ದಿನವೇ ಹೋಳಿಗೆ ತುಪ್ಪಗಳ ಊಟಕ್ಕೆ ಕುಳಿತುಕೊಳ್ಳುವುದಂತೂ ಉಪವಾಸಕ್ಕಿಂತಲೂ ಅಪಾಯಕರವಾದೀತು. ರಕ್ತದಲ್ಲಿನ ಲವಣಗಳು ಆಗ ಒಮ್ಮೆಲೆ ಕುಸಿದು ಹೃದಯವು ಕಂಗೆಡುತ್ತದೆ.

ಅರೆಹೊಟ್ಟೆಯು ಮನಸ್ಸಿಗೆ ಮಾಡುವುದೇನೆಂಬುದನ್ನು ಅಮೆರಿಕೆಯ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿದ್ವಾಂಸರು 1944–45ರಲ್ಲಿ ಪರೀಕ್ಷಿಸಿದರು. ತಾವಾಗಿಯೇ ಮುಂದೆ ಬಂದ 36 ಮಂದಿ ಆರೋಗ್ಯವಂತ ತರುಣರಿಗೆ 24 ವಾರಗಳವರೆಗೆ ಅರೆಹೊಟ್ಟೆಯ ಆಹಾರ ಕೊಟ್ಟರು. ಅವರ ಭಾರದಲ್ಲಿ ಸುಮಾರು ಕಾಲುಭಾಗ ಇಳಿಯಿತು. ಜೊತೆಗೆ ಅವರಿಗೆ ಅಡುಗೆಯ ಪುಸ್ತಕಗಳೇ ಓದಾದವು, ಆಹಾರವೇ ಹಗಲಿರುಳಿನ ಚಿಂತೆಯಾಯಿತು, ಸಿಡುಕೂ ಖಿನ್ನತೆಯೂ ಆವರಿಸಿದವು. ಪರೀಕ್ಷೆ ಮುಗಿದ ಮೇಲೆ ಎಷ್ಟು ಉಂಡರೂ ತೃಪ್ತಿಯಿಲ್ಲದ ಹಸಿವು ಹಲವರನ್ನು ಬಹುಕಾಲ ಕಾಡಿತು. ಅವರು ಸ್ಥೂಲರಾಗಿರಲಿಲ್ಲವೆಂಬುದು ನಿಜ. ಆದರೂ ಹಸಿದ ದೇಹವು ಸುಮ್ಮನಿರುವುದಿಲ್ಲ, ಕಳೆದುಕೊಂಡುದನ್ನು ಹಿಂದಕ್ಕೆ ಕೇಳುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಷ್ಟರಿಂದ ಕಠಿನವಾದ ಪಥ್ಯವೆಲ್ಲವೂ ತ್ಯಾಜ್ಯವೆಂದು ಹೇಳಿದರೆ ಅದು ಪಕ್ಷಪಾತವಾದೀತು. ಸ್ಕಾಟ್ಲೆಂಡಿನಲ್ಲಿಯೂ ಇಂಗ್ಲೆಂಡಿನ ಟೈನ್‌ಸೈಡ್ ಪ್ರಾಂತದಲ್ಲಿಯೂ ನಡೆದು 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಆರು ವರ್ಷದೊಳಗೆ ಮಧುಮೇಹ ತಗುಲಿದ, ಇನ್ಸುಲಿನ್ ತೆಗೆದುಕೊಳ್ಳದ 149 ಮಂದಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕಿಲೋಕ್ಯಾಲರಿಗಳ ಆಹಾರವನ್ನು ಮಾತ್ರ ಗೊತ್ತುಮಾಡಿದರು. ವರ್ಷದ ಕೊನೆಗೆ ನೂರಕ್ಕೆ 46 ಮಂದಿಯಲ್ಲಿ ಔಷಧವಿಲ್ಲದೆಯೇ ಮಧುಮೇಹವು ಹಿಮ್ಮೆಟ್ಟಿತ್ತು. ಎರಡನೆಯ ವರ್ಷದ ಕೊನೆಗೆ ನೂರಕ್ಕೆ 36 ಮಂದಿಯಲ್ಲಿ ಹಾಗೆಯೇ ಉಳಿದಿತ್ತು. ಇದು ಅಲ್ಪವಾದ ಫಲವಲ್ಲ. ಆದರೆ ಆ ಪರೀಕ್ಷೆಯ ಕಟ್ಟನ್ನು ಗಮನಿಸಿರಿ. ಕೊಟ್ಟ ಆಹಾರದಲ್ಲಿ ಸತ್ತ್ವ ಲವಣಗಳೆಲ್ಲ ತೂಕವಾಗಿದ್ದವು. ಮಧುಮೇಹದ ಮತ್ತು ರಕ್ತದೊತ್ತಡದ ಔಷಧಗಳನ್ನು ವೈದ್ಯರೇ ಮೊದಲ ದಿನ ನಿಲ್ಲಿಸಿದರು. ಆಮೇಲೆ ವಾರವಾರಕ್ಕೆ ಸ್ವಲ್ಪಸ್ವಲ್ಪವಾಗಿ ಊಟವನ್ನು ಮರಳಿ ತಂದರು. ಅನಂತರವೂ ತಿಂಗಳಿಗೊಮ್ಮೆ ಕಂಡು ವಿಚಾರಿಸುತ್ತಿದ್ದರು. ಪಕ್ಕದ ಊರಿನವನು ಹೇಳಿದ ರಸದ ಉಪವಾಸಕ್ಕೂ ಇದಕ್ಕೂ ಹೆಸರೊಂದೇ ಸಾಮ್ಯ.

ನಿಧಾನವಾಗಿ ಇಳಿಸಿದ ಭಾರವು ಸ್ಥಿರ, ಬೇಗ ಇಳಿಸಿದುದು ಅಸ್ಥಿರವೆಂಬ ಮಾತು ಲೋಕದಲ್ಲಿದೆ. ಅದೂ ಪೂರ್ಣಸತ್ಯವಲ್ಲ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ 200 ಮಂದಿ ಸ್ಥೂಲರನ್ನು ಎರಡು ಪಂಗಡ ಮಾಡಿ, ಒಂದಕ್ಕೆ 12 ವಾರಗಳ ತೀವ್ರಪಥ್ಯವನ್ನೂ ಇನ್ನೊಂದಕ್ಕೆ 36 ವಾರಗಳ ಮೃದುಪಥ್ಯವನ್ನೂ ಇಟ್ಟು ನೋಡಿದ ಫಲವು 2014ರಲ್ಲಿ ಹೊರಬಂದಿತು. ಗೊತ್ತುಮಾಡಿದಷ್ಟು ಭಾರವನ್ನು ಇಳಿಸಿದವರು ತೀವ್ರಪಥ್ಯದಲ್ಲಿಯೇ ಹೆಚ್ಚಾಗಿದ್ದರು. ಆದರೆ ಸುಮಾರು ಮೂರು ವರ್ಷಗಳ ಮೇಲೆ ನೋಡಿದಾಗ, ಎರಡೂ ಪಂಗಡದವರು ಕಳೆದುಕೊಂಡುದರಲ್ಲಿ ಹತ್ತರಲ್ಲಿ ಏಳು ಪಾಲನ್ನು ಸಮಸಮವಾಗಿ ಮರಳಿ ಪಡೆದಿದ್ದರು. ಎಂದ ಮೇಲೆ, ಬೇಗವೋ ನಿಧಾನವೋ ಎಂಬುದಕ್ಕಿಂತ, ಇಳಿದ ಮಾರನೆಯ ದಿನದಿಂದ ಉಣ್ಣುವುದು ಹೇಗೆಂಬುದೇ ಮುಖ್ಯ ಪ್ರಶ್ನೆಯಾಗಿ ನಿಲ್ಲುತ್ತದೆ.

ಆದುದರಿಂದ ‘ಮಾಡಲೋ ಬೇಡವೋ’ ಎಂದು ಕೇಳುವವರು ತಮ್ಮನ್ನು ತಾವೇ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಒಂದು, ನನ್ನ ಭಾರವು ಅಳತೆಯಿಂದಲೇ ಹೆಚ್ಚಾಗಿದೆಯೆ, ಅದರಿಂದ ರೋಗವೇನಾದರೂ ಹುಟ್ಟಿದೆಯೆ? ಎರಡು, ನನ್ನ ದೇಹವು ಇದನ್ನು ತಾಳತಕ್ಕದ್ದೆ? ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ಬಲಗುಂದಿದ ವೃದ್ಧರು, ಮೂತ್ರಪಿಂಡ ಹೃದಯಗಳ ರೋಗಿಗಳು ಇದರ ಗೋಜಿಗೆ ಹೋಗಕೂಡದು. ಮಧುಮೇಹಕ್ಕೆ ಇನ್ಸುಲಿನ್ನನ್ನೋ ಗುಳಿಗೆಗಳನ್ನೋ ತೆಗೆದುಕೊಳ್ಳುವವರು ವೈದ್ಯರಿಂದ ಪ್ರಮಾಣವನ್ನು ತಿದ್ದಿಸಿಕೊಳ್ಳದೆ ಒಂದು ಹೊತ್ತಿನ ಊಟವನ್ನೂ ಬಿಡಬಾರದು. ರಕ್ತದ ಸಕ್ಕರೆ ಕುಸಿದು ಮೂರ್ಛೆ ಬಂದೀತು. ಮೂರು, ನನ್ನನ್ನು ನೋಡಿಕೊಂಡು ‘ಇನ್ನು ನಿಲ್ಲಿಸು’ ಎಂದು ಹೇಳುವ ಅಧಿಕಾರವುಳ್ಳ ವೈದ್ಯನು ಯಾರು? ನಾಲ್ಕು, ಮುಗಿದ ಮಾರನೆಯ ದಿನ ನನ್ನ ಎಲೆಯ ಮೇಲೆ ಇರತಕ್ಕದ್ದೇನು? ದಿನಕ್ಕೆ 800 ಕಿಲೋಕ್ಯಾಲರಿಗಿಂತಲೂ ಕಡಿಮೆಯಾದ ಪಥ್ಯವನ್ನು ಇವುಗಳಲ್ಲಿ ಒಂದಕ್ಕೆ ಉತ್ತರವಿಲ್ಲದಿದ್ದರೂ ಆರಂಭಿಸಬಾರದು. ನಾಲ್ಕಕ್ಕೂ ಸಮಾಧಾನಕರವಾದ ಉತ್ತರವಿದ್ದರೆ, ಅದು ವೈದ್ಯನ ಕೈಯಲ್ಲಿನ ಔಷಧದಂತೆ ಸಫಲವಾದೀತು.

ಉತ್ತರವಿಲ್ಲದವರಿಗೆ, ಎಂದರೆ ನಮ್ಮಲ್ಲಿ ಬಹುಜನರಿಗೆ, ಬೇರೊಂದು ದಾರಿಯಿದೆ. ಅಹಿತವಾದ ಅಭ್ಯಾಸವನ್ನು ಕಾಲುಕಾಲು ಭಾಗವಾಗಿ ಬಿಡುತ್ತ, ಹಿತವಾದುದನ್ನು ಕಾಲುಕಾಲು ಭಾಗವಾಗಿ ಹಿಡಿಯುತ್ತ ಹೋಗಬೇಕೆಂದು ಸೂತ್ರಸ್ಥಾನದ 7ನೆಯ ಅಧ್ಯಾಯವು ವಿಧಿಸುತ್ತದೆ. ಸ್ಥೌಲ್ಯದ ಪ್ರಕರಣದಲ್ಲಿಯೂ ವ್ಯಾಯಾಮವನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆಂದೇ ಹೇಳಿದೆ. ಎಲೆಯಲ್ಲಿನ ಅನ್ನದ ಕಾಲುಭಾಗವನ್ನು ತೆಗೆದು ಆ ಜಾಗದಲ್ಲಿ ಪಲ್ಯವನ್ನೂ ಮೊಳಕೆಗಾಳನ್ನೂ ಬಡಿಸಿಕೊಂಡರೆ, ನಾಲ್ಕು ಸಲದ ಸಕ್ಕರೆಯ ಚಹವನ್ನು ಮೂರಕ್ಕೆ ಇಳಿಸಿದರೆ, ಹೊಟ್ಟೆಯೂ ದೂರುವುದಿಲ್ಲ, ಮನಸ್ಸೂ ಮುನಿಯುವುದಿಲ್ಲ.

ಇದಕ್ಕೆ ಪ್ರಾಚೀನವಾದ ದೃಷ್ಟಾಂತವೊಂದು ಪಾಲಿಭಾಷೆಯ ಸಂಯುತ್ತನಿಕಾಯದಲ್ಲಿ ದೊರೆಯುತ್ತದೆ. ಕೋಸಲದ ಅರಸನಾದ ಪ್ರಸೇನಜಿತುವು ದ್ರೋಣಪ್ರಮಾಣದ ಅನ್ನವನ್ನು ಉಂಡು ಏದುಸಿರು ಬಿಡುತ್ತ ಬುದ್ಧನ ಬಳಿಗೆ ಬಂದನು. ಬುದ್ಧನು ಅವನಿಗೆ ಉಪವಾಸವನ್ನು ವಿಧಿಸಲಿಲ್ಲ. ಉಣ್ಣುವಾಗ ಮಿತಿಯನ್ನು ಅರಿತವನಿಗೆ ಬಾಧೆಗಳು ಕಡಿಮೆಯಾಗಿ ಆಯುಸ್ಸು ಉಳಿಯುವುದೆಂಬ ಅರ್ಥದ ಒಂದು ಗಾಥೆಯನ್ನು ಹೇಳಿದನು. ಅರಸನು ಸುದರ್ಶನನೆಂಬ ವಟುವಿಗೆ ಅದನ್ನು ಕಲಿಸಿ, ನಿತ್ಯವೂ ತನ್ನ ಊಟದ ಹೊತ್ತಿನಲ್ಲಿ ಹೇಳುವಂತೆ ನಿಯಮಿಸಿ, ಅದಕ್ಕಾಗಿ ದಿನಕ್ಕೆ ನೂರು ಕಾರ್ಷಾಪಣಗಳನ್ನು ಕೊಡಿಸಿದನು. ಹೀಗೆ ಕ್ರಮೇಣ ಅವನ ಊಟವು ಒಂದು ನಾಳಿಕದ ಅನ್ನಕ್ಕೆ ಬಂದು ನಿಂತಿತು, ಮೈಯೂ ಹಗುರವಾಯಿತು. ಕ್ರಮವಾಗಿ ಇಳಿಸಿದುದು, ನಿತ್ಯವೂ ನೆನಪಿಸುವವನೊಬ್ಬನಿದ್ದುದು, ಇವೆರಡೇ ಅವನಿಗೆ ಒದಗಿದ ಸಾಧನಗಳು.

ನಮ್ಮ ಮನೆಗಳಲ್ಲಿ ನೂರು ಕಾರ್ಷಾಪಣಗಳ ವೆಚ್ಚವಿಲ್ಲದೆಯೇ ಆ ವಟುವಿನ ಕೆಲಸ ನಡೆಯಬಹುದು. ಎಲೆಯಲ್ಲಿ ಪ್ರಸಾದವನ್ನು ಬಿಡಬಾರದೆಂಬ ನಿಯಮವನ್ನು ಎಲ್ಲರೂ ಬಲ್ಲೆವು. ಬಡಿಸಿದ್ದನ್ನೆಲ್ಲ ಉಂಡು ಮುಗಿಸುವುದಷ್ಟೇ ಅದರ ಪಾಲನೆಯಲ್ಲ. ಬೇಕಾದಷ್ಟನ್ನೇ ಬಡಿಸಿಕೊಳ್ಳುವುದೂ ಅದರ ಪಾಲನೆಯೇ. ಬಡಿಸುವ ತಾಯಂದಿರು “ಇನ್ನೊಂದು ಹಾಕಿಸಿಕೊಳ್ಳಿ” ಎಂದು ಒತ್ತಾಯಿಸುವ ಪ್ರೀತಿಯನ್ನು ಸ್ವಲ್ಪ ಹಿಡಿತದಲ್ಲಿಟ್ಟುಕೊಂಡು, ಸಾಕೆಂದವರ ಮಾತಿಗೆ ಬೆಲೆ ಕೊಟ್ಟರೆ, ಮನೆಯ ಯಜಮಾನನು ತಿಂಗಳುಗಟ್ಟಲೆ ರಸ ಕುಡಿದು ಪ್ರಾಣವನ್ನು ಪಣಕ್ಕಿಡುವ ಪ್ರಸಂಗವೇ ಬಾರದು. ಕೇಳಿದವರು ಮನೆಗೆ ಹೋಗಿ ಈ ನಾಲ್ಕು ಪ್ರಶ್ನೆಗಳನ್ನು ಹಟವಿಲ್ಲದೆ ವಿಚಾರಿಸಲೆಂದೂ, ಎಲ್ಲರಿಗೂ ದೀರ್ಘವಾದ ಆಯುರಾರೋಗ್ಯಗಳು ಲಭಿಸಲೆಂದೂ ಪ್ರಾರ್ಥಿಸುತ್ತೇನೆ.