ಕಡೇ ಬಸ್ಸು ಎಷ್ಟು ಹೊತ್ತು ಕಾಯಬೇಕು?

ಬೆಳಿಗ್ಗೆ ರಾಮನಗರದ ಹತ್ತಿರದ ನಮ್ಮ ಕೂಟಗಲ್ಲಿನ ಬಸ್ ಸ್ಟಾಪಿನಲ್ಲಿ ನಿಂತರೆ ಒಂದೇ ಪ್ರಶ್ನೆ ನಾಲ್ಕಾರು ಬಾಯಲ್ಲಿ ಕೇಳುತ್ತದೆ: "ಬಸ್ಸು ಹೋಯ್ತಾ?" ಉತ್ತರ ಹೇಳುವವರು ಮೊದಲೇ ಬಂದು ನಿಂತವರು, ಇಲ್ಲವೇ ಪಕ್ಕದ ಟೀ ಅಂಗಡಿಯವರು. ಇದೇ ಪ್ರಶ್ನೆಗೆ ಫೋನಿನಲ್ಲೋ ಬೋರ್ಡಿನಲ್ಲೋ ಉತ್ತರ ಸಿಗುವಂತೆ ಮಾಡುವ ಏರ್ಪಾಟನ್ನು ಸಾರಿಗೆಯವರು ಐಟಿಎಸ್ ಅನ್ನುತ್ತಾರೆ. ಕನ್ನಡಕ್ಕೆ ಬಂದಾಗ ಅದು ಬುದ್ಧಿವಂತ ಸಾರಿಗೆ ವ್ಯವಸ್ಥೆ ಆಯಿತು. ಹಾಗಾದರೆ ನಾವು ಇಷ್ಟು ವರ್ಷ ಹತ್ತಿದ್ದು ದಡ್ಡ ಬಸ್ಸೇ ಎಂದು ನಗಬಹುದು. ಆದರೆ ಬುದ್ಧಿ ಇರುವುದು ಬಸ್ಸಿಗಲ್ಲ, ಬಸ್ಸು ಎಲ್ಲಿದೆ ಎಂಬ ಸುದ್ದಿ ಬೇಕಾದವರಿಗೆ ಬೇಕಾದ ಹೊತ್ತಿಗೆ ಮುಟ್ಟುವುದರಲ್ಲಿ.

ಇದರ ಕೆಲಸ ಸರಳ. ಬಸ್ಸಿನೊಳಗೆ ಒಂದು ಚಿಕ್ಕ ಪೆಟ್ಟಿಗೆ ಇರುತ್ತದೆ. ಅದು ಉಪಗ್ರಹದ ಸಂಕೇತದಿಂದ ತಾನಿರುವ ಜಾಗ ತಿಳಿದು, ಒಳಗಿನ ಸಿಮ್ ಮೂಲಕ ಆಗಾಗ ಕಂಟ್ರೋಲ್ ರೂಮಿಗೆ ಹೇಳುತ್ತದೆ. ಅಲ್ಲಿನ ಕಂಪ್ಯೂಟರು ಮುಂದಿನ ಸ್ಟಾಪಿಗೆ ಇನ್ನೆಷ್ಟು ನಿಮಿಷ ಎಂದು ಲೆಕ್ಕ ಹಾಕಿ ಬೋರ್ಡಿಗೆ ಕಳಿಸುತ್ತದೆ. ನಮ್ಮ ರಾಜ್ಯದಲ್ಲಿ ಇದನ್ನು ಮೊದಲು ದೊಡ್ಡದಾಗಿ ಮಾಡಿದ್ದು ಬೆಂಗಳೂರಲ್ಲ, ಮೈಸೂರು. 2012ರಲ್ಲಿ ಕೆಎಸ್‌ಆರ್‌ಟಿಸಿ ಅಲ್ಲಿನ 500 ನಗರ ಬಸ್ಸುಗಳಿಗೆ ಈ ಪೆಟ್ಟಿಗೆ ಕೂರಿಸಿತು. ವಿಶ್ವಬ್ಯಾಂಕಿನ ನೆರವು ಅದಕ್ಕಿತ್ತು. ಬಿಎಂಟಿಸಿಯಲ್ಲಿ ಶುರುವಾಗಿದ್ದು 2016ರಲ್ಲಿ.

ಅಂದರೆ ಈ ಬುದ್ಧಿವಂತಿಕೆ ಮೈಸೂರಿನಲ್ಲಿ ಹುಟ್ಟಿ ಬೆಂಗಳೂರು ಸೇರಿತು. ನಡುವೆ ಇರುವ ನಮ್ಮ ಊರುಗಳ ತಲೆಯ ಮೇಲೆ ಹಾರಿಹೋಯಿತು ಅನ್ನಬೇಕು. ಲೆಕ್ಕ ಉಲ್ಟಾ ಆಗಿದ್ದು ಇಲ್ಲೇ. ಮೆಜೆಸ್ಟಿಕ್ಕಿನಲ್ಲಿ ಒಂದು ಬಸ್ಸು ತಪ್ಪಿದರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಬರುತ್ತದೆ. ಹಳ್ಳಿಯಲ್ಲಿ ಒಂದು ಬಸ್ಸು ತಪ್ಪಿದರೆ ಅರ್ಧ ದಿನದ ಕೂಲಿ ಹೋಯಿತು, ಕಾಲೇಜಿನ ಮೊದಲ ಪಿರಿಯಡ್ ಹೋಯಿತು. ಬಸ್ಸು ಕಡಿಮೆ ಇರುವ ಕಡೆಯೇ ಸುದ್ದಿಗೆ ಬೆಲೆ ಜಾಸ್ತಿ. ಯೋಜನೆ ಮಾಡುವವರು ವಾಹನಗಳನ್ನು ಎಣಿಸುತ್ತಾರೆ. ಕಾದ ಗಂಟೆಗಳನ್ನು ಎಣಿಸಿದ್ದರೆ ಮೊದಲ ಬೋರ್ಡು ಕೂಟಗಲ್ಲಿಗೂ ಬರಬಹುದಿತ್ತು.

ಹಾಗಂತ ಯಂತ್ರಗಳು ನಮ್ಮ ಜಿಲ್ಲೆಗೆ ಬಂದೇ ಇಲ್ಲ ಅಂತಲ್ಲ. ಬೆಂಗಳೂರು–ಮೈಸೂರು ದಶಪಥದ ಮೇಲೆ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳಿವೆ. ಗಂಟೆಗೆ 100 ಕಿಲೋಮೀಟರ್ ಮೀರಿದ ಕಾರನ್ನು ಅವು ಹಿಡಿಯುತ್ತವೆ. ಅದು ಬೇಕಾದ ಕೆಲಸವೇ. ಆದರೆ 2023ರ ಆಗಸ್ಟ್ 1ರಿಂದ ಆ ಮುಖ್ಯರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್ ಹತ್ತುವಂತಿಲ್ಲ. ನಮ್ಮವರು ಹೆಚ್ಚಾಗಿ ಓಡಿಸುವುದು ಅವನ್ನೇ. ಬಸ್ಸಿಗೆ ಕಾಯುವವರ ಪ್ರಶ್ನೆಯೇ ಬೇರೆ: "ಇದು ಬೈಪಾಸಾ, ಊರೊಳಕ್ಕೆ ಬರುತ್ತಾ?" ರಾಮನಗರ, ಚನ್ನಪಟ್ಟಣಗಳಿಗೆ ಬೈಪಾಸ್ ಆದಮೇಲೆ ಹುಟ್ಟಿದ ಪ್ರಶ್ನೆ ಇದು. ಉತ್ತರ ಈಗಲೂ ಕಂಡಕ್ಟರ ಬಾಯಲ್ಲಿದೆ.

ಇನ್ನು ಮಳೆ. 2022ರ ಆಗಸ್ಟಿನಲ್ಲಿ ರಾಮನಗರದ ಸಂಗಬಸವನದೊಡ್ಡಿ ಹತ್ತಿರ ಹೆದ್ದಾರಿ ಕೆರೆಯಾಯಿತು. 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದ ಕೆಲವೇ ದಿನಕ್ಕೆ ಅಲ್ಲೇ ಮತ್ತೆ ನೀರು ನಿಂತಿತು. ನೀರಿನ ಮಟ್ಟ ಅಳೆಯುವ ಸಾಧನ ದುಬಾರಿಯದೇನಲ್ಲ. ಅದರ ಸುದ್ದಿ ಬಿಡದಿಯ ಬೋರ್ಡಿಗೆ ಮುಟ್ಟಿದರೆ ಮೈಸೂರಿಗೆ ಹೊರಟವರು ಅಲ್ಲೇ ಹಳೇ ರಸ್ತೆಗೆ ಇಳಿಯುತ್ತಾರೆ. ಚರಂಡಿ ಸರಿ ಮಾಡುವುದು ಮೊದಲ ಕೆಲಸ ಅನ್ನಿ, ಆ ಮಾತು ಬೇರೆ.

ಈಗ ಯೋಜನೆಯ ತಿರುಳಿಗೆ ಬರೋಣ. ಪೆಟ್ಟಿಗೆ, ಕ್ಯಾಮೆರಾ ದುಡ್ಡು ಕೊಟ್ಟರೆ ಸಿಗುತ್ತವೆ. ಕೊಳ್ಳುವ ಮೊದಲು ಒಂದು ನಕ್ಷೆ ಬೇಕು, ರಸ್ತೆಯದಲ್ಲ, ಸುದ್ದಿಯದು. ಯಾವ ಇಲಾಖೆಯ ಹತ್ತಿರ ಏನು ಗೊತ್ತಿದೆ, ಅದು ಯಾರಿಗೆ ಬೇಕು, ನಡುವೆ ಗೆರೆ ಎಳೆದಿದೆಯೇ? ಅಮೆರಿಕದಲ್ಲಿ 2001ರಿಂದ ಕೇಂದ್ರದ ಹೆದ್ದಾರಿ ನಿಧಿಯಿಂದ ಇಂಥ ಯಂತ್ರ ಹಾಕಬೇಕಾದರೆ ಆ ಪ್ರದೇಶಕ್ಕೆ ಇಂಥದೊಂದು ನಕ್ಷೆ ಇರಲೇಬೇಕು. ಪೋರ್ಟ್‌ಲ್ಯಾಂಡ್ ಎಂಬ ಊರಿನ ಬಸ್ ಸಂಸ್ಥೆ 2005ರಲ್ಲಿ ಇನ್ನೂ ಸಣ್ಣ ಕೆಲಸ ಮಾಡಿತು. ಗೂಗಲ್ ಜೊತೆ ಸೇರಿ ತನ್ನ ಸ್ಟಾಪು, ರೂಟು, ವೇಳೆಗಳನ್ನು ಯಾವ ಕಂಪ್ಯೂಟರಾದರೂ ಓದುವಂಥ ಸಾದಾ ಪಟ್ಟಿಗಳಾಗಿ ಬರೆದಿಟ್ಟಿತು. ಇವತ್ತು ಜಗತ್ತಿನ ಸಾವಿರಾರು ಸಾರಿಗೆ ಸಂಸ್ಥೆಗಳ ವೇಳಾಪಟ್ಟಿ ಆ ಮಾದರಿಯಲ್ಲೇ ಇದೆ.

ನಮ್ಮಲ್ಲಿ ಆ ನಕ್ಷೆ ಬರೆಯಲು ಕೂತರೆ ಏನಾಗುತ್ತದೆ ನೋಡಿ. ಬೆಂಗಳೂರು ನಗರ, ಗ್ರಾಮಾಂತರ, ರಾಮನಗರ ಸೇರಿ ಸುಮಾರು 8,000 ಚದರ ಕಿಲೋಮೀಟರಿನ ಮಹಾನಗರ ಪ್ರದೇಶಕ್ಕೆ 1980ರ ದಶಕದಿಂದಲೇ ಬಿಎಂಆರ್‌ಡಿಎ ಎಂಬ ಪ್ರಾಧಿಕಾರ ಇದೆ. 2025ರಲ್ಲಿ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೊಸ ಹೆಸರೂ ಬಂತು. ಆದರೆ ಕೂಟಗಲ್ಲಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ರಾಮನಗರದವರೆಗೆ ಕೆಎಸ್‌ಆರ್‌ಟಿಸಿ, ಅಲ್ಲಿಂದ ಕೆಂಗೇರಿಗೆ ರೈಲು, ಮುಂದೆ ಮೆಟ್ರೊ ಇಲ್ಲವೇ ಬಿಎಂಟಿಸಿ ಹಿಡಿಯಬೇಕು. ಮೂರು ಸಂಸ್ಥೆ, ಮೂರು ಟಿಕೆಟ್ಟು. ಬೆಂಗಳೂರಿನ ಸಾರಿಗೆ ಸಂಸ್ಥೆಗಳನ್ನೆಲ್ಲ ಒಂದು ಕಡೆ ಕೂರಿಸಲು 2022ರಲ್ಲಿ ವಿಧಾನಮಂಡಲ ಭೂ ಸಾರಿಗೆ ಪ್ರಾಧಿಕಾರದ ಮಸೂದೆ ಒಪ್ಪಿತು. ಕೂರಿಸುವುದು ಸುಲಭ, ಮಾತಾಡಿಸುವುದು ಕಷ್ಟ.

ನಕ್ಷೆಗೆ ಸ್ಥಳದ ತಿಳಿವಳಿಕೆಯೂ ಬೇಕು. ಮಾವಿನ ಕಾಲದಲ್ಲಿ ರಾಮನಗರದ ರಸ್ತೆಗಳೇ ಬೇರೆ, ಭಾನುವಾರ ಸಾವನದುರ್ಗದ ಕಡೆಯ ಮಾಗಡಿ ರಸ್ತೆಯೇ ಬೇರೆ. ರೇಷ್ಮೆಗೂಡು ತರುವ ರೈತರಿಗೆ ಹರಾಜಿನ ಹೊತ್ತಿಗೆ ಮಾರ್ಕೆಟ್ ಮುಟ್ಟಲೇಬೇಕು, ಏಕೆಂದರೆ ಗೂಡಿನೊಳಗಿನ ಹುಳು ಚಿಟ್ಟೆಯಾಗುವುದಕ್ಕೆ ಯಾರಿಗೂ ಕಾಯುವುದಿಲ್ಲ. ಅದೇ ಮಾರ್ಕೆಟಿನಲ್ಲಿ ಹರಾಜು ಮೊಬೈಲಿಗೆ ಬಂದಾಗ ರೈತರೂ ರೀಲರ್‌ಗಳೂ ಕಲಿತರಲ್ಲ. ಬಸ್ಸಿನ ಸುದ್ದಿ ಕಲಿಯುವುದು ಅದಕ್ಕಿಂತ ಕಷ್ಟವಲ್ಲ.

ಸಂಜೆಯ ರೈಲು ಬೆಂಗಳೂರಿನಿಂದ ಹತ್ತು ನಿಮಿಷ ತಡವಾಗಿ ರಾಮನಗರಕ್ಕೆ ಬರುತ್ತಿದೆ ಅಂದುಕೊಳ್ಳಿ. ತಡವಾಗಿರುವುದು ರೈಲ್ವೆಗೆ ಗೊತ್ತು. ಹಳ್ಳಿ ಕಡೆಯ ಕಡೇ ಬಸ್ಸು ಸ್ಟಾರ್ಟ್ ಮಾಡಿಕೊಂಡು ನಿಂತಿರುವುದು ಡಿಪೋಗೆ ಗೊತ್ತು. ರೈಲಿನಲ್ಲಿ ನಿಂತೇ ಬರುತ್ತಿರುವ ಇಪ್ಪತ್ತು ಜನಕ್ಕೆ ಎರಡೂ ಗೊತ್ತು, ಆದರೆ ಅವರ ಮಾತು ಡ್ರೈವರಿಗೆ ಕೇಳಿಸುವುದಿಲ್ಲ. ಆ ರೈಲಿನಿಂದ ಈ ಡಿಪೋಗೆ ಒಂದು ಗೆರೆ ಎಳೆದು, ಹತ್ತು ನಿಮಿಷ ಕಾಯುವ ಅಧಿಕಾರ ಯಾರದು ಎಂದು ಒಂದು ಆದೇಶ ಬರೆದರೆ ಬಸ್ಸು ನಿಲ್ಲುತ್ತದೆ. ಗೆರೆ ಎಳೆಯಲು ಇಂಜಿನಿಯರು ಸಾಕು. ಆದೇಶಕ್ಕೆ ಎರಡು ಸಂಸ್ಥೆಗಳ ಸಹಿ ಬೇಕು.