ಪುಕ್ಕಟೆ ನಾಣ್ಯಕ್ಕೆ ಕಣ್ಣಿನ ಗುರುತು



ಕೀನ್ಯಾ ದೇಶದ ನೈರೋಬಿಯಲ್ಲಿ 2023ರ ಜುಲೈ ಕೊನೆಗೆ ಸಾವಿರಾರು ಜನ ಸಾಲುಗಟ್ಟಿದರು, ನಾವು ಗೊಬ್ಬರ ಬಂದ ದಿನ ನಿಲ್ಲುತ್ತೇವಲ್ಲ, ಹಾಗೆ. ವರ್ಲ್ಡ್‌ಕಾಯಿನ್ ಎಂಬ ಯೋಜನೆಯವರ ಚೆಂಡಿನಂಥ ಯಂತ್ರಕ್ಕೆ ಕಣ್ಣು ತೋರಿಸಿದರೆ 25 ಕ್ರಿಪ್ಟೋ ನಾಣ್ಯ ಪುಕ್ಕಟೆ! ಅಂದಿನ ದರದಲ್ಲಿ ಸುಮಾರು 7,000 ಶಿಲ್ಲಿಂಗ್. ಕೂಲಿಯವರಿಗೆ ಅದೇನು ಸಣ್ಣ ಮೊತ್ತವೇ? ನಿಂತವರನ್ನು ನಾವು ದೂರುವುದಿಲ್ಲ.

ಆದರೆ ಆ ಯಂತ್ರ ಕಣ್ಣುಪಾಪೆಯ ಸುತ್ತಲಿನ ಗೆರೆಗಳ ಚಿತ್ರ ತೆಗೆದು ಅಂಕಿಗಳ ಗುರುತು ಮಾಡಿಕೊಳ್ಳುತ್ತಿತ್ತು. ಪಿನ್ ನಂಬರು ಪರರ ಪಾಲಾದರೆ ಬದಲಾಯಿಸಬಹುದು, ಕಣ್ಣು ಬದಲಾಯಿಸೋಕಾಗುತ್ತಾ? ಆಗಸ್ಟ್ 2ರಂದೇ ಅಲ್ಲಿನ ಸರ್ಕಾರ ತಡೆ ಹಾಕಿತು. ನಾಣ್ಯದ ಆಸೆ ತೋರಿಸಿ ಒಪ್ಪಿಗೆ ಪಡೆಯಕೂಡದೆಂದು ಹೈಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿ, ಸಂಗ್ರಹಿಸಿದ್ದನ್ನು ಅಳಿಸಲು ಆದೇಶಿಸಿತು.

ನಮ್ಮ ಸಂಘದಲ್ಲೂ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇವೆ. ಆ ಪತ್ರ ಇದೇ ಕಟ್ಟಡದ ಬೀರುವಿನಲ್ಲಿದೆ, ಯಾರು ಬೇಕಾದರೂ ತಮ್ಮದನ್ನು ಕೇಳಿ ನೋಡಬಹುದು. ಮೊಬೈಲಿಗೆ 'ಆಧಾರ್ ಫೋಟೋ ಕಳಿಸಿ, ಬಿಟ್‌ಕಾಯಿನ್ ಪುಕ್ಕಟೆ' ಅಂತ ಬಂದರೆ ಆ ಬೀರು ಎಲ್ಲಿದೆ ಅಂತ ಕೇಳೋದು ಯಾರನ್ನ? ನಿಮ್ಮ ಹೆಸರಲ್ಲಿ ಇನ್ನಾರೋ ಸಿಮ್ಮು, ಖಾತೆ ಮಾಡಿಸಿಕೊಂಡಾರು. ಕಳಿಸುವ ಮೊದಲು ನಮ್ಮ ಕಾರ್ಯದರ್ಶಿಗಳಿಗೆ ತೋರಿಸಿ. ಕಚೇರಿ ಸಂಜೆ ಐದರವರೆಗೆ ತೆರೆದಿರುತ್ತೆ.